ಅಪ್ಪನ ಚಾಮಯ್ಯ, ಅಮ್ಮನ ಅಲಮೇಲು

ಮೊನ್ನೆಯ ಭಾನುವಾರ ಊಟ ಮುಗಿದು ಎಲೆಯಡಿಕೆಯ ತಟ್ಟೆ ಒಂದು ಸುತ್ತು ಬರುವ ಹೊತ್ತಿಗೆ ಜಡಿಮಳೆ ಹಿಡಿಯಿತು. ಹೊರಗೆ ಕಾಲಿಡುವಂತಿರಲಿಲ್ಲ. ನಮ್ಮ ಮನೆಯಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳಿಗೆ ಅದೇನು ಹೊಳೆಯಿತೋ, "ತಾತ, ನಿಮ್ಮ ಕಾಲದ್ದೊಂದು ಸಿನಿಮಾ ಹಾಕ್ತೀನಿ, ಯಾವುದು ಬೇಕು ಹೇಳಿ" ಎಂದಳು. ನನ್ನ ತಂದೆಯವರು ಒಂದು ಗಳಿಗೆಯೂ ಯೋಚಿಸಲಿಲ್ಲ. "ನಾಗರಹಾವು" ಎಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ತಾಯಿ ಮಾತ್ರ, "ಅದು ಬೇಡ, ನೋಡಿದರೆ ನನಗೆ ತಲೆನೋವು ಬರುತ್ತೆ" ಎಂದು ಗೊಣಗಿದರು. ಆ ಮಾತಿಗೆ ನಾವಾರೂ ಗಮನ ಕೊಡಲಿಲ್ಲ. ಕೊಡಬೇಕಾಗಿತ್ತೆಂದು ತಿಳಿದದ್ದು ಸಂಜೆಯ ಹೊತ್ತಿಗೆ.

ತಂದೆಯವರಿಗೂ ಆ ಚಿತ್ರಕ್ಕೂ ಇರುವ ನಂಟು ಹಳೆಯದು. ಅವರು ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಪುಟ್ಟಣ್ಣ ಕಣಗಾಲರ 'ನಾಗರಹಾವು' ೧೯೭೨ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದಾಗ ಅವರಿಗೆ ಇಪ್ಪತ್ತರ ಪ್ರಾಯ; ಚಿತ್ರದುರ್ಗದಲ್ಲಿ ಶಿಕ್ಷಕರ ತರಬೇತಿ ಪಡೆಯುತ್ತಿದ್ದರು. ಬೆಳಗೆದ್ದರೆ ಕಣ್ಣಿಗೆ ಬೀಳುತ್ತಿದ್ದ ಅದೇ ಕೋಟೆ, ಅವೇ ಬಂಡೆಗಳು, ತಾವು ಹತ್ತಿಳಿದ ಅವೇ ಮೆಟ್ಟಿಲುಗಳು ಬಣ್ಣದಲ್ಲಿ, ಅಷ್ಟೆತ್ತರದ ತೆರೆಯ ಮೇಲೆ ಮೂಡಿದಾಗ ಊರಿನ ಜನಕ್ಕೆ ಆದ ಸಂಭ್ರಮವನ್ನು ಅವರು ಈಗಲೂ ಕೈಯಾಡಿಸಿ ವರ್ಣಿಸುತ್ತಾರೆ. ಜಯಂತಿಯವರು ಒನಕೆ ಓಬವ್ವನಾಗಿ ಕಿಂಡಿಯ ಬಳಿ ನಿಂತಾಗ ಟಾಕೀಸಿನಲ್ಲಿ ಬಿದ್ದ ಸಿಳ್ಳೆಗೆ ಲೆಕ್ಕವಿರಲಿಲ್ಲವಂತೆ. ಆದರೆ ತರಬೇತಿಯ ಹುಡುಗರಿಗೆ ಆ ಚಿತ್ರದಲ್ಲಿ ಕಂಡದ್ದು ಕೋಟೆಯಲ್ಲ, ಹೊಸ ನಾಯಕನೂ ಅಲ್ಲ, ಚಾಮಯ್ಯ ಮೇಷ್ಟರು. ಕಚ್ಚೆಪಂಚೆ, ಮುಚ್ಚುಕೋಟು, ಮಾತಿಗಿಂತ ಮೊದಲೇ ತೇವವಾಗುವ ಕಣ್ಣು. ಕೆ.ಎಸ್. ಅಶ್ವತ್ಥರು ಆ ಪಾತ್ರವನ್ನು ಮಾಡಿದರೆನ್ನುವುದಕ್ಕಿಂತ ಅದರಲ್ಲಿ ವಾಸವಾಗಿದ್ದರೆನ್ನಬೇಕು. "ನಾವು ಹತ್ತು ಜನ ಹೋಗಿದ್ದೆವು. ಹಿಂತಿರುಗುವಾಗ ಹತ್ತು ಜನವೂ ಚಾಮಯ್ಯನ ಹಾಗೆ ನಡೆಯುತ್ತಿದ್ದೆವು" ಎಂದು ತಂದೆಯವರು ನಗುತ್ತಾರೆ.

ಎಳೆಯ ಓದುಗರಿಗಾಗಿ ಕಥೆಯನ್ನು ಒಂದಿಷ್ಟು ನೆನಪಿಸಬೇಕು. ರಾಮಾಚಾರಿ ಮುಂಗೋಪಿ, ಒರಟ, ಆದರೆ ಮನಸ್ಸು ಶುದ್ಧ. ಹೆತ್ತವರ ಮಾತನ್ನು ಕೇಳದ ಅವನು ಬಾಲ್ಯದ ಗುರು ಚಾಮಯ್ಯ ಮೇಷ್ಟರ ಮಾತನ್ನು ಮೀರಲಾರ. ಗೆಳೆಯ ವರದನ ತಂಗಿ ಅಲಮೇಲುವನ್ನು ಜಲೀಲನೆಂಬ ಪುಂಡನಿಂದ ಕಾಪಾಡುತ್ತಾನೆ. ಇಬ್ಬರಲ್ಲಿಯೂ ಪ್ರೇಮ ಹುಟ್ಟುತ್ತದೆ. ಜಾತಿ, ಮನೆತನದ ಮಾತು ಬಂದಾಗ ಮೇಷ್ಟರು ಶಿಷ್ಯನ ಮನವೊಲಿಸಿ ಅವಳನ್ನು ಬಿಟ್ಟುಕೊಡುವಂತೆ ಮಾಡುತ್ತಾರೆ. ಅಲಮೇಲು ಬೇರೊಬ್ಬನ ಹೆಂಡತಿಯಾಗುತ್ತಾಳೆ. ಮುಂದೆ ರಾಮಾಚಾರಿ ಅವಳನ್ನು ಕಾಣುವುದು ಒಂದು ಹೋಟೆಲಿನಲ್ಲಿ, ಕಾಣಬಾರದ ಸ್ಥಿತಿಯಲ್ಲಿ. ಅವನ ಬಾಳಿಗೆ ಮಾರ್ಗರೆಟ್ ಬಂದಾಗ ಮೇಷ್ಟರು ಮತ್ತೆ ಅಡ್ಡ ಬರುತ್ತಾರೆ. ಕೊನೆಗೆ ಗುರುವನ್ನೂ, ಶಿಷ್ಯನನ್ನೂ, ಮಾರ್ಗರೆಟಳನ್ನೂ ದುರ್ಗದ ಬೆಟ್ಟವೇ ನುಂಗುತ್ತದೆ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರದೊಳಕ್ಕೆ ಅಡಕಿದ್ದು ಪುಟ್ಟಣ್ಣನವರ ಸಾಹಸ, ಅದು ತ.ರಾ.ಸು. ಅವರಿಗೆ ಮೆಚ್ಚಿಗೆಯಾಗಲಿಲ್ಲವೆಂಬುದೂ ಕನ್ನಡಿಗರು ಬಲ್ಲ ಸಂಗತಿಯೇ. ಮೂರನ್ನೂ ಓದಿದವನಾಗಿ ನಾನು ಇಬ್ಬರ ಪಕ್ಷವನ್ನೂ ಹಿಡಿಯಬಲ್ಲೆ, ಆದರೆ ಅದು ಬೇರೆ ದಿನದ ಮಾತು.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ೧೯೯೦ರ ದಶಕದಲ್ಲಿ, ದೂರದರ್ಶನದ ಭಾನುವಾರದ ಸಿನಿಮಾ ಆಗಿ. ಎಂಟು ವರ್ಷದ ಹುಡುಗನಿಗೆ ಮೇಷ್ಟರೇಕೆ ಬೇಕು, ಅಲಮೇಲುವೇಕೆ ಬೇಕು? ನನಗೆ ಬೇಕಾದದ್ದು ಹೊಡೆದಾಟ. ಮಾರನೆಯ ದಿನ ಶಾಲೆಯ ಬಯಲಿನಲ್ಲಿ ನಾನು ರಾಮಾಚಾರಿ, ಎದುರುಮನೆಯ ಹುಡುಗ ಜಲೀಲ. ಆ ಜಲೀಲನಾಗಿ ಕನ್ನಡಕ್ಕೆ ಅಂಬರೀಷರು ದೊರೆತರು, ರಾಮಾಚಾರಿಯಾಗಿ ವಿಷ್ಣುವರ್ಧನರು ದೊರೆತರು ಎಂಬುದೆಲ್ಲ ತಿಳಿದದ್ದು ಬಹಳ ತಡವಾಗಿ. ೨೦೧೮ರಲ್ಲಿ ಇದೇ ಚಿತ್ರ ಹೊಸ ತಾಂತ್ರಿಕ ಸಂಸ್ಕಾರ ಪಡೆದು ಮತ್ತೊಮ್ಮೆ ಚಿತ್ರಮಂದಿರಗಳಿಗೆ ಬಂದಾಗ ತಂದೆಯವರನ್ನು ಕರೆದುಕೊಂಡು ಹೋಗಿದ್ದೆ. ವಿಷ್ಣುವರ್ಧನರು ೨೦೦೯ರ ಡಿಸೆಂಬರ್ ೩೦ರಂದು ತೀರಿಕೊಂಡಿದ್ದರು. ಮೂರು ವಾರ ಕಳೆಯುವುದರೊಳಗೆ, ೨೦೧೦ರ ಜನವರಿಯಲ್ಲಿ, ಅಶ್ವತ್ಥರೂ ಹೋಗಿದ್ದರು. ಗುರುಶಿಷ್ಯರು ತೆರೆಯ ಮೇಲೆ ಒಟ್ಟಿಗೆ ಕಾಣಿಸಿಕೊಂಡ ದೃಶ್ಯಕ್ಕೆ ಮುಂದಿನ ಸಾಲಿನ ಹುಡುಗರು ಶಿಳ್ಳೆ ಹಾಕುತ್ತಿದ್ದರೆ, ತಂದೆಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಆ ದಶಕವೇ ಹಾಗೆ. ಪುಸ್ತಕ ಮತ್ತು ತೆರೆ ಅಷ್ಟು ಹತ್ತಿರವಾಗಿದ್ದ ಕಾಲ ಕನ್ನಡದಲ್ಲಿ ಮತ್ತೆ ಬಂದಂತಿಲ್ಲ. ತ್ರಿವೇಣಿಯವರ 'ಶರಪಂಜರ' ೧೯೭೧ರಲ್ಲಿ, ಟಿ.ಕೆ. ರಾಮರಾಯರ 'ಬಂಗಾರದ ಮನುಷ್ಯ' ೧೯೭೨ರಲ್ಲಿ, ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' ೧೯೭೩ರಲ್ಲಿ, ಗೊರೂರರ ಕಥೆಯಿಂದ 'ಭೂತಯ್ಯನ ಮಗ ಅಯ್ಯು' ೧೯೭೪ರಲ್ಲಿ. ಇನ್ನೊಂದು ಮಗ್ಗುಲಲ್ಲಿ 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ' ಒಂದರ ಬೆನ್ನಿಗೊಂದು ರಾಷ್ಟ್ರದ ಸ್ವರ್ಣಕಮಲವನ್ನು ತಂದವು. ಓದಿದ ಕಾದಂಬರಿಯನ್ನು ನೋಡಲು ಮನೆಮಂದಿಯೆಲ್ಲ ಹೊರಡುತ್ತಿದ್ದರು. ಪುಸ್ತಕದಲ್ಲಿ ಹೀಗಿತ್ತು, ಇಲ್ಲಿ ಹೀಗೇಕೆ ಮಾಡಿದರು ಎಂಬ ಚರ್ಚೆ ಟಾಂಗಾದಲ್ಲಿ, ನಡೆದು ಬರುವ ದಾರಿಯಲ್ಲಿ, ಮರುದಿನ ನಲ್ಲಿಯ ಕಟ್ಟೆಯ ಬಳಿ ಮುಂದುವರಿಯುತ್ತಿತ್ತು.

'ಬಂಗಾರದ ಮನುಷ್ಯ'ದ ಪ್ರಭಾವವಂತೂ ನಮ್ಮ ಮನೆಯೊಳಕ್ಕೇ ಬಂದಿತ್ತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆದ ಆ ಚಿತ್ರವನ್ನು ದಾವಣಗೆರೆಯಲ್ಲಿ ನೋಡಿದ ನನ್ನ ಚಿಕ್ಕಪ್ಪ ಗಿರಣಿಯ ಕೆಲಸ ಬಿಟ್ಟು ಊರಿಗೆ ಬಂದು, ಬಂಡೆಗಲ್ಲಿನ ಎರಡು ಎಕರೆಯಲ್ಲಿ ಬಾವಿ ತೋಡಿಸಿದರು. ರಾಜೀವನಿಗೆ ಒಲಿದ ನೀರು ಅವರಿಗೆ ಅರ್ಧಕ್ಕರ್ಧ ಒಲಿಯಿತು. ಅವರ ಇಬ್ಬರು ಮಕ್ಕಳೂ ಈಗ ಬೆಂಗಳೂರಿನಲ್ಲಿದ್ದಾರೆ. ಹೋದ ವರ್ಷ ನನ್ನ ಪದವಿ ತರಗತಿಯಲ್ಲಿ ಆ ಚಿತ್ರದ ಕೊನೆಯನ್ನು ಪ್ರಸ್ತಾಪಿಸಿದೆ: ತಾನು ಬೆಳೆಸಿದ ಅಕ್ಕನ ಮಗನ ಬಾಯಿಂದ ಬಂದ ಒಂದು ಮಾತಿಗೆ ರಾಜೀವ ಉಣ್ಣುತ್ತಿದ್ದ ಅನ್ನವನ್ನು ಬಿಟ್ಟೆದ್ದು ಮನೆಯಿಂದ ಹೊರಟುಹೋಗುತ್ತಾನಲ್ಲ, ಅದು. ನಮ್ಮ ಹಿರಿಯರು ಅದನ್ನು ತ್ಯಾಗವೆಂದು ಕರೆದು ಅತ್ತರು. ವಿದ್ಯಾರ್ಥಿಯೊಬ್ಬ ಎದ್ದು, "ಸಾರ್, ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಏಕೆ ಆಡಲಿಲ್ಲ?" ಎಂದ. ತರಗತಿಯೆಲ್ಲ ಅವನ ಕಡೆಗೇ ಇತ್ತು. ಮಾತಾಡದಿರುವುದರಲ್ಲಿ ಹಿರಿತನವನ್ನು ಕಂಡ ಒಂದು ತಲೆಮಾರು, ಮಾತಾಡದಿರುವುದನ್ನು ತಪ್ಪೆಂದು ಬಗೆಯುವ ಇನ್ನೊಂದು ತಲೆಮಾರು. ವ್ಯತ್ಯಾಸ ಇಷ್ಟೇ ಎಂದು ಆ ದಿನ ನಾನು ತೃಪ್ತಿಯಿಂದ ಬರೆದಿಟ್ಟುಕೊಂಡಿದ್ದೆ. ಅದು ಅಷ್ಟು ಸರಳವಲ್ಲವೆಂದು ತೋರಿಸಿದ್ದು ಮೊನ್ನೆಯ ಭಾನುವಾರ.

ಚಿತ್ರ ಅರ್ಧ ಮುಗಿಯುವವರೆಗೆ ಎಲ್ಲವೂ ಸುಖವಾಗಿಯೇ ಇತ್ತು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳುವ ರಾಮಾಚಾರಿಯನ್ನೂ, ಕಾಲೇಜಿನ ಪ್ರಿನ್ಸಿಪಾಲರ ಪಾಡನ್ನೂ ನೋಡಿ ಹುಡುಗಿ ಬಿದ್ದು ಬಿದ್ದು ನಕ್ಕಳು. ಕೋಟೆಯ ಮೇಲಿನ ನಿಧಾನಗತಿಯ ಹಾಡಿಗೆ, "ಆಗಲೇ ಹೀಗೆಲ್ಲ ಮಾಡಿದ್ರಾ!" ಎಂದು ಅಚ್ಚರಿಪಟ್ಟಳು. ಮೊಬೈಲಿನಲ್ಲಿ ಸಿನಿಮಾಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವವಳು ಒಂದು ಸಲವೂ ಓಡಿಸದೆ ಕುಳಿತಿದ್ದಳು. ಆಮೇಲೆ ಮೇಷ್ಟರು ರಾಮಾಚಾರಿಯ ಮನವೊಲಿಸುವ ಭಾಗ ಬಂತು. ತಂದೆಯವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಅವರ ಪಾಲಿಗೆ ಅದು ಚಿತ್ರದ ಶಿಖರ. ಅಷ್ಟರಲ್ಲಿ ಅವಳು ಚಿತ್ರವನ್ನು ನಿಲ್ಲಿಸಿಬಿಟ್ಟಳು.

"ತಾತ, ಮೇಷ್ಟ್ರು ಮಾತು ತಗೊಂಡದ್ದು ರಾಮಾಚಾರಿ ಹತ್ತಿರ. ಅನುಭವಿಸೋಳು ಅಲಮೇಲು. ಅವಳ ಮದುವೆ ವಿಷಯಕ್ಕೆ ಇವರಿಬ್ಬರು ಯಾರು?"

ತಂದೆಯವರು ಮೊದಲು ನಗಲು ನೋಡಿದರು. "ಆ ಕಾಲ ಹಾಗಿತ್ತಮ್ಮ" ಎಂದರು. ಅವಳು ಬಿಡಲಿಲ್ಲ. "ಕಾಲ ಹಾಗಿದ್ದರೆ ಕೆಟ್ಟವರು ಹಾಗೆ ಮಾಡಲಿ. ಇವರನ್ನ ನೀವು ದೇವರು ಅಂತೀರಿ." ಇದು ಅವರ ಮರ್ಮಕ್ಕೆ ತಾಗಿತು. ಮುಖ ಕೆಂಪಾಯಿತು. ಮೇಷ್ಟರಿಗೆ ಸ್ವಾರ್ಥವಿತ್ತೇ? ಒಂದು ಮನೆತನದ ಮರ್ಯಾದೆ ಉಳಿಸಲು ನೋಡಿದರು. ಊರಿನ ಜನ ಕಲ್ಲೆಸೆಯುತ್ತಿದ್ದರೆ ಆ ಹುಡುಗಿಯನ್ನು ಯಾರು ಕಾಯುತ್ತಿದ್ದರು, ಕೆಲಸವಿಲ್ಲದ ರಾಮಾಚಾರಿಯೇ? ಗಂಡ ಹಾಗೆ ಹೊರಟಾನೆಂದು ಮೇಷ್ಟರಿಗೆ ಕನಸು ಬಿದ್ದಿತ್ತೇ? ಅವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಮೂವತ್ತಾರು ವರ್ಷ ಊರಿನಿಂದೂರಿಗೆ ವರ್ಗವಾಗಿ, ಹೋದಲ್ಲೆಲ್ಲ ಜಗಳ ಬಿಡಿಸಿ, ಮಕ್ಕಳ ಮದುವೆಗೆ ಮಾತಾಡಿ ಬಂದ ಮನುಷ್ಯ ತನ್ನ ಇಡೀ ಬಾಳಿನ ಪರವಾಗಿ ವಾದಿಸುತ್ತಿದ್ದಾರೆಂದು ನನಗೆ ಅನ್ನಿಸಿತು. ನಾನು ನಡುವೆ ಬಾಯಿ ಹಾಕಿ, ಈ ಪ್ರಶ್ನೆ ಇಂದಿನವರದು, ೧೯೭೨ರ ಪ್ರೇಕ್ಷಕರ ಮೇಲೆ ಅದನ್ನು ಹೇರಬಾರದು ಎಂದು ನನ್ನ ಎಂ.ಎ. ಪಾಂಡಿತ್ಯವನ್ನೂ ಒಂದಿಷ್ಟು ಸುರಿದೆ.

ಆಗ ಮಾತಾಡಿದವರು ನನ್ನ ತಾಯಿ.

"ಇಂದಿನವರದ್ದು ಅಂತ ಯಾರು ಹೇಳಿದ್ದು ನಿನಗೆ? ನಾವು ಆವತ್ತೇ ಕೇಳಿದ್ವಿ."

ಮನೆ ನಿಶ್ಶಬ್ದವಾಯಿತು. ತಾಯಿಯವರು ಸೆರಗಿಗೆ ಕೈಯೊರೆಸಿಕೊಂಡು ಬಂದು ಕುಳಿತರು. ಅವರ ಊರಿಗೆ ಚಿತ್ರ ಬಂದದ್ದು ಒಂದು ವರ್ಷದ ಮೇಲೆ, ಟೂರಿಂಗ್ ಟಾಕೀಸಿಗೆ. ಆಗ ಅವರಿಗೆ ಹದಿನಾರು. ಡೇರೆಯ ಒಂದು ಪಕ್ಕ ಗಂಡಸರು, ಇನ್ನೊಂದು ಪಕ್ಕ ಹೆಂಗಸರು, ನಡುವೆ ಮೊಳಕಾಲೆತ್ತರದ ಮಣ್ಣಿನ ಗೋಡೆ. ಇದ್ದದ್ದು ಒಂದೇ ಪ್ರೊಜೆಕ್ಟರ್. ಸುರುಳಿ ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು, ಕಡಲೆಕಾಯಿಯವನು ಒಳಗೆ ಬರುತ್ತಿದ್ದ. ಮೇಷ್ಟರು ರಾಮಾಚಾರಿಯ ಮನವೊಲಿಸಿ ಮುಗಿಸಿದ ಸ್ವಲ್ಪ ಹೊತ್ತಿಗೆ ಹಾಗೊಮ್ಮೆ ದೀಪ ಹತ್ತಿತಂತೆ. ಗಂಡಸರ ಕಡೆ ಬೀಡಿಯ ಹೊಗೆ, ಮೆಚ್ಚುಗೆಯ ಮಾತು. ಹೆಂಗಸರ ಕಡೆ ಒಬ್ಬರಾದ ಮೇಲೊಬ್ಬರು ಮೂಗು ಒರೆಸಿಕೊಳ್ಳುತ್ತಿದ್ದರು.

"ಎಲ್ಲರೂ ರಾಮಾಚಾರಿ ತ್ಯಾಗಕ್ಕೆ ಅಳ್ತಿದಾರೆ ಅಂತ ಆ ಕಡೆಯವರು ತಿಳಿದುಕೊಂಡಿರಬೇಕು. ನಾವು ಅಳ್ತಿದ್ದದ್ದು ಅಲಮೇಲುಗೆ. ಮನೆಗೆ ನಡೆದು ಬರುವಾಗ ನಮ್ಮ ಸೋದರತ್ತೆ ಒಂದು ಮಾತು ಹೇಳಿದರು: ಆ ಮೇಷ್ಟ್ರಿಗೆ ಹೊಟ್ಟೇಲಿ ಹುಟ್ಟಿದ ಒಬ್ಬಳು ಮಗಳಿದ್ದಿದ್ದರೆ ಹಾಗೆ ಮಾಡ್ತಿರಲಿಲ್ಲ."

ಚಾಮಯ್ಯ ಮೇಷ್ಟರಿಗೂ ಲೀಲಾವತಿಯವರು ಅಭಿನಯಿಸಿದ ಅವರ ಪತ್ನಿ ತುಂಗಮ್ಮನಿಗೂ ಮಕ್ಕಳಿಲ್ಲ. ರಾಮಾಚಾರಿಯೇ ಅವರ ಮಗ. ಎಷ್ಟು ಸಲ ನೋಡಿದ್ದೇನೆ, ತರಗತಿಯಲ್ಲಿ ಎಷ್ಟು ಸಲ ಆ ಪಾತ್ರವನ್ನು ವಿಶ್ಲೇಷಿಸಿದ್ದೇನೆ. ಈ ಒಂದು ಸಂಗತಿಯನ್ನು ಆ ಬೆಳಕಿನಲ್ಲಿ ನೋಡಿರಲಿಲ್ಲ. ಓದುಬರಹ ಹೆಚ್ಚು ಬಾರದ ಒಬ್ಬ ಹೆಂಗಸು, ಟೂರಿಂಗ್ ಟಾಕೀಸಿನಿಂದ ಮನೆಗೆ ಬರುವ ಕತ್ತಲ ದಾರಿಯಲ್ಲಿ ಅದನ್ನು ಹೇಳಿ ಮುಗಿಸಿದ್ದರು.

"ಹಾಗಾದರೆ ಇಷ್ಟು ವರ್ಷ ನೀನೇಕೆ ಹೇಳಲಿಲ್ಲ?" ಎಂದು ತಂದೆಯವರು ಕೇಳಿದರು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ.

"ಚಾಮಯ್ಯನ ಬಗ್ಗೆ ನೀವು ಮಾತು ನಿಲ್ಲಿಸಿದರೆ ತಾನೇ!" ಎಂದರು ತಾಯಿ. ಎಲ್ಲರೂ ನಕ್ಕೆವು. ಆಮೇಲೆ ಅವರು ಸ್ವಲ್ಪ ತಗ್ಗಿದ ದನಿಯಲ್ಲಿ, "ಪಿಯುಸಿ ಓದ್ತಿದ್ದೆ. ನೀವು ನೋಡಲಿಕ್ಕೆ ಬಂದಿರಿ, ಉಪ್ಪಿಟ್ಟು ತಿಂದಿರಿ, ಹೋದಿರಿ. ಒಪ್ಪಿಗೆ ಅಂತ ನಮ್ಮ ತಂದೆ ಕಾಗದ ಬರೆದರು. ನನ್ನ ಅದೃಷ್ಟ, ನೀವು ಒಳ್ಳೆಯವರಾಗಿದ್ದಿರಿ. ಅಲಮೇಲುಗೆ ಆ ಅದೃಷ್ಟ ಇರಲಿಲ್ಲ, ಅಷ್ಟೇ ನಮಗೂ ಅವಳಿಗೂ ವ್ಯತ್ಯಾಸ" ಎಂದರು. ಮೊಮ್ಮಗಳು ಅಜ್ಜಿಯ ಕೈ ಹಿಡಿದುಕೊಂಡು ಕುಳಿತಳು.

ಚಿತ್ರ ಮುಂದುವರಿಯಿತು. ಈ ಸಲ ನಾನು ಅದನ್ನು ಬೇರೆ ಕಣ್ಣಿನಿಂದ ನೋಡಿದೆನೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಪುಟ್ಟಣ್ಣನವರು ಮೇಷ್ಟರನ್ನು ಸುಮ್ಮನೆ ಬಿಟ್ಟಿಲ್ಲ. ಅಲಮೇಲುವಿನ ಗತಿಯನ್ನು ರಾಮಾಚಾರಿಗೆ ಕಾಣಿಸುತ್ತಾರೆ. ಅವನು ಗುರುವಿನ ಮುಂದೆ ಬಂದು ನಿಲ್ಲುವಂತೆ ಮಾಡುತ್ತಾರೆ. ಎರಡನೆಯ ಸಲ ಅದೇ ಉಪದೇಶ ಹೇಳಹೊರಟ ಗುರುವನ್ನು ಬೆಟ್ಟದಿಂದಲೇ ಕೆಡಹುತ್ತಾರೆ. ನಮ್ಮ ಹುಡುಗಿ ಕೇಳಿದ ಪ್ರಶ್ನೆ ಚಿತ್ರದೊಳಗೇ ಇತ್ತು. ಅದು ನಮಗೆ ಕೇಳಿಸದಂತೆ ಮಾಡಿದ್ದು ಅಶ್ವತ್ಥರ ಮುಖ. ಆ ಕಣ್ಣುಗಳನ್ನು ಕಂಡು ನಾವು ಮೇಷ್ಟರನ್ನು ಕ್ಷಮಿಸಿಬಿಟ್ಟೆವು, ಕ್ಷಮಿಸಬೇಕಾದದ್ದು ಏನಿತ್ತೆಂಬುದನ್ನೂ ಮರೆತೆವು. ಇದೇ ನಿರ್ದೇಶಕರು ಮುಂದೆ ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಎಂದು ಈ ಕಥೆಯನ್ನೇ ಮತ್ತೆ ತೆಗೆದರು. ರಿಷಿ ಕಪೂರ್ ನಾಯಕರಾಗಿದ್ದ ಆ ಚಿತ್ರ ಇಲ್ಲಿನಂತೆ ನೆಲೆ ನಿಲ್ಲಲಿಲ್ಲ. ಚಾಮಯ್ಯನಿಗೆ ಅಶ್ವತ್ಥರು ಬೇಕಾಗಿತ್ತು, ದುರ್ಗದ ಬಂಡೆಯೂ ಬೇಕಾಗಿತ್ತು.

ಇಲ್ಲಿ ನನ್ನದೊಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆ. ನಾನೂ ಮೇಷ್ಟರೇ. ಕೆಲವು ವರ್ಷಗಳ ಹಿಂದೆ ನನ್ನ ಬಿ.ಎ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಯಿದ್ದಳು. ಹಳಗನ್ನಡ ಪದ್ಯವನ್ನು ಅನ್ವಯ ಮಾಡಿ ಓದುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಕೊನೆಯ ಪರೀಕ್ಷೆಗೆ ತಿಂಗಳಿರುವಾಗ ಅಧ್ಯಾಪಕರ ಕೊಠಡಿಗೆ ಬಂದು ನಿಂತಳು. ಮನೆಯಲ್ಲಿ ಮದುವೆ ನಿಶ್ಚಯವಾಗಿದೆ, ನನಗೆ ಎಂ.ಎ. ಓದಬೇಕು, ನೀವು ಒಂದು ಮಾತು ಹೇಳಿದರೆ ಅಪ್ಪ ಕೇಳುತ್ತಾರೆ ಎಂದಳು. ಅವಳ ತಂದೆಗೆ ನನ್ನ ಮೇಲೆ ಗೌರವವಿದ್ದುದು ನಿಜ. ನಾನು ಅವಳನ್ನು ಕೂರಿಸಿ, ಬಹಳ ಮೃದುವಾಗಿ, ಮದುವೆಯಾದ ಮೇಲೂ ಓದಬಹುದಮ್ಮ, ಹಿರಿಯರ ಮನಸ್ಸನ್ನು ನೋಯಿಸಬಾರದು ಎಂದೆ. "ಆಗಲಿ ಸಾರ್" ಎಂದು ಹೋದಳು. ಒಳ್ಳೆಯ ಮಾತು ಹೇಳಿದೆನೆಂದು ಆ ದಿನ ನನಗೆ ಸಮಾಧಾನವೇ ಆಗಿತ್ತು. ಎರಡು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು, ಮುಖದಲ್ಲಿ ಅದೇ ವಿನಯ. ಕುಶಲವನ್ನೆಲ್ಲ ಕೇಳಿದಳು. ಬಸ್ಸು ಹೊರಡುವಾಗ, "ಎಂ.ಎ.ಗೆ ಈಗಲೂ ಅದೇ ಪಠ್ಯವೇ ಸಾರ್?" ಎಂದಳು. ಅವಳು ಸುಖವಾಗಿಯೇ ಇರಬಹುದು, ನಾನು ಕೇಳಲಿಲ್ಲ. ಮೊನ್ನೆ ಅಶ್ವತ್ಥರ ದನಿಯಲ್ಲಿ ಆ ಮೃದುವಾದ ಮಾತುಗಳು ಬಂದಾಗ ನನಗೆ ನನ್ನದೇ ದನಿ ಕೇಳಿಸಿತು.

ಚಿತ್ರ ಮುಗಿದಾಗ ಮಳೆಯೂ ನಿಂತಿತ್ತು. ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, "ಮೇಷ್ಟ್ರು ಅವಳನ್ನೂ ಒಂದು ಮಾತು ಕೇಳಬಹುದಾಗಿತ್ತು" ಎಂದರು. ಅವರಿಂದ ಅಷ್ಟು ಹೊರಟದ್ದೇ ದೊಡ್ಡದು. ಅಷ್ಟಾದರೂ ಅಶ್ವತ್ಥರ ಅಭಿನಯದಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆಯನ್ನು ಅವರು ಒಪ್ಪಲಿಲ್ಲ. ನಾವು ಹುಡುಕಲೂ ಇಲ್ಲ.

ಮುಂದಿನ ಭಾನುವಾರಕ್ಕೆ 'ಶರಪಂಜರ' ಎಂದು ಗೊತ್ತಾಗಿದೆ. ಆಯ್ಕೆ ಮೊಮ್ಮಗಳದು. ಬಾಣಂತಿತನದಲ್ಲಿ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಗುಣವಾಗಿ ಮನೆಗೆ ಬಂದರೂ ಮನೆಯವರ ಸಂಶಯದಿಂದ ಬಿಡುಗಡೆ ಕಾಣದ ಕಾವೇರಿಯ ಕಥೆಯನ್ನು ನಾನು ಅವಳಿಗೆ ಹೇಳಿದೆ. ತ್ರಿವೇಣಿಯವರು ೧೯೬೩ರಲ್ಲಿಯೇ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು, ತೆರೆಯ ಮೇಲೆ ಕಲ್ಪನಾ ಅವರ ಕಾವೇರಿಯನ್ನು ನೋಡಲಿಲ್ಲ ಎಂದಾಗ ಹುಡುಗಿ ನೊಂದುಕೊಂಡಳು.

"ನಾನದನ್ನ ಎರಡು ಸಲ ನೋಡಿದೀನಿ" ಎಂದರು ತಾಯಿ, ಕಾಫಿ ಲೋಟಗಳನ್ನು ಒಟ್ಟುಮಾಡುತ್ತ.

"ಎರಡು ಸಲ ಎಲ್ಲಿ? ನಾವು ಹೋದದ್ದು ಒಂದೇ ಸಲ" ಎಂದರು ತಂದೆ.

"ಇನ್ನೊಂದು ಸಲ ನಾನೊಬ್ಬಳೇ ಹೋಗಿದ್ದೆ, ಮಧ್ಯಾಹ್ನದ ಆಟಕ್ಕೆ. ನಿಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬಂದಿದ್ದರಲ್ಲ, ಆವತ್ತು."